ತಿದ್ದುವ ಪೆಟ್ಟಿಗೆ

ನಿವೃತ್ತನಾಗಿ ಧಾರವಾಡ ಬಿಟ್ಟು ಪುಣೆಯ ಕೋಥ್ರೂಡಿನಲ್ಲಿರುವ ಮಗನ ಮನೆಗೆ ಬಂದ ಮೇಲೆ ನನ್ನ ಕೋಣೆಯ ಅರ್ಧ ಭಾಗ ಅವನ ವೈರುಗಳದ್ದೇ. ಮಾಡ್ಯುಲರ್ ಸಿಂಥಸೈಜರ್ ಅಂದರೆ ಇಡಿಯಾದ ಒಂದು ವಾದ್ಯವಲ್ಲ. ನಾದ ಹುಟ್ಟಿಸೋದು ಒಂದು ಪೆಟ್ಟಿಗೆ, ಸೋಸೋದು ಇನ್ನೊಂದು, ಬೇಕಾದ ಹಾಗೆ ವೈರಿನಿಂದ ಜೋಡಿಸಿಕೊಳ್ಳಬೇಕು. ಅದನ್ನು ನುಡಿಸಲು ಮಗ ಒಂದು ಸ್ಪರ್ಶಫಲಕ ಮಾಡುತ್ತಿದ್ದಾನೆ. ತಾಮ್ರದ ಪಟ್ಟಿಯ ಮೇಲೆ ಬೆರಳು ಎಲ್ಲಿದೆ ಅಂತ ಚಿಪ್ ಅಳೆದು ವೋಲ್ಟೇಜು ಕಳಿಸುತ್ತದೆ. ಒಂದು ವೋಲ್ಟ್ ಏರಿದರೆ ಒಂದು ಸಪ್ತಕ. 12 ಸ್ವರಗಳಿಗೆ ಹಂಚಿದರೆ ತಲಾ ಸುಮಾರು 83 ಮಿಲಿವೋಲ್ಟ್. (ಎಂ.ಕಾಂ. ಮಾಡಿದವನಿಗೆ ಇಷ್ಟು ಭಾಗಾಕಾರ ಬರ್ತದೆ.)

ಜಗಳ ಹತ್ತಿದ್ದು ಅಲ್ಲೇ. ಬೆರಳು ಎರಡು ಸ್ವರಗಳ ನಡುವೆ ಬಿದ್ದರೆ?

"ಹತ್ತಿರದ ಸ್ವರಕ್ಕ ಎಳದು ಕೂಡಿಸಿಬಿಡ್ತೇನಪಾ, ಯಾರೂ ಬೇಸೂರ ಆಗಂಗಿಲ್ಲ" ಅಂದ.

"ಹಂಗಾದ್ರ ದರಬಾರಿ ಗಾಂಧಾರ ಎಲ್ಲಿ ಕೂಡಬೇಕೋ?"

ತೂಗಾಡೋದೇ ಆ ಗಾಂಧಾರದ ಜೀವ. ತಕರಾರು ಹಳೆಯದು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿತ್ತು. ಅದು ಸಡಿಲಾಗಿದ್ದು 1971ರಲ್ಲಿ. ಸ್ವರದಿಂದ ಸ್ವರಕ್ಕೆ ಜಾರಲಾರದು ಅನ್ನೋದು ಅದರ ಮೇಲಿನ ಆರೋಪಗಳಲ್ಲೊಂದು. ಆದರೂ ಗದಗಿನಿಂದ ಬಂದು ಇದೇ ಊರಿನವರಾದ ಭೀಮಸೇನ ಜೋಶಿಯವರ ಹಾಡಿಗೆ ಹಾರ್ಮೋನಿಯಂ ಸಾಥ್ ಇರುತ್ತಿತ್ತಲ್ಲ. ಆ ಬಡಪಾಯಿ ಪೆಟ್ಟಿಗೆ ತನಗೆ ಬಾರದ್ದನ್ನು ಬಿಡುತ್ತಿತ್ತು, ಕಂಠವನ್ನು ತಿದ್ದಲು ಹೋಗುತ್ತಿರಲಿಲ್ಲ.

ನಾನೇನು ತಿದ್ದುವ ಯಂತ್ರದ ವೈರಿಯಲ್ಲ. ಬ್ಯಾಂಕಿನಲ್ಲಿ ಹತ್ತು ಪೈಸೆ ವ್ಯತ್ಯಾಸ ಹುಡುಕುತ್ತ ರಾತ್ರಿ ಒಂಬತ್ತರವರೆಗೆ ಲೆಡ್ಜರ್ ತಿರುವಿದವನು. ತಪ್ಪು ಎಂಟ್ರಿಯನ್ನು ಒಲ್ಲೆ ಅನ್ನುವ ಕಂಪ್ಯೂಟರ್ ಬಂದಾಗ ಮೊದಲು ಖುಷಿಪಟ್ಟವನು ನಾನೇ. ಆದರೆ ಅಲ್ಲಿ ನನ್ನ ತಪ್ಪಿಗೆ ಇನ್ನೊಬ್ಬರ ದುಡ್ಡು ಹೋಗುತ್ತಿತ್ತು. ಇಲ್ಲಿ ಯಾರದ್ದು ಹೋಗುತ್ತದೆ?

ಮಗ ಹೇಳದೆ ಬಿಟ್ಟ ಮಾತೊಂದಿದೆ: ಎರಡು ವರ್ಷದಿಂದ ನನ್ನ ಬಲಗೈ ನಡುಗುತ್ತದೆ. ಅವನು ತಿದ್ದುವ ಏರ್ಪಾಡು ಮಾಡಿದ್ದು ನನಗಾಗಿಯೇ. ಅದನ್ನು ಹಾಕಿಕೊಂಡು ಭೂಪ ನುಡಿಸಿದೆ. ಒಂದೂ ಸ್ವರ ತಪ್ಪಲಿಲ್ಲ. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನುಡಿಸಿದ್ದು ನಾನೋ ಅದೋ ಗೊತ್ತಾಗಲಿಲ್ಲ, ಕಣ್ಣು ಮಾತ್ರ ಒದ್ದೆಯಾಯಿತು. ಅದನ್ನು ಮೋಸ ಅನ್ನಲು ನನಗೆ ಬಾಯಿ ಬರುತ್ತಿಲ್ಲ.

ಆ ಸಂಜೆ ಅವಳೇ ಬಂದು, "ಅಜ್ಜಾ, ನನಗ ಭೂಕ ಹತ್ತೇದ" ಅಂದಳು. "ಭೂಕ ಅಲ್ಲವ್ವಾ, ಹಸಿವು" ಅಂದೆ, ತಟ್ಟನೆ. ಸುಮ್ಮನಾದಳು. ಒಳಗೆ ಹೋಗಿ ಅವರಮ್ಮನಿಗೆ ಮರಾಠಿಯಲ್ಲಿ ಹೇಳಿದಳು.

ಮಗ ಈಗ ಫಲಕಕ್ಕೆ ಒಂದು ಸ್ವಿಚ್ ಇಟ್ಟಿದ್ದಾನೆ: ತಿದ್ದು, ಬಿಡು. ಕರೆಂಟು ಕೊಟ್ಟ ಕೂಡಲೇ ಅದು ಯಾವ ಕಡೆ ಇರಬೇಕು ಅನ್ನೋದು ನಮ್ಮಿಬ್ಬರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.