ಸಂಬಳದ ಗುರು

ದರ ಮಾತಾಡಿ ಗೊತ್ತುಮಾಡಿಕೊಂಡವನು ಗುರುವಾಗಬಲ್ಲನೇ ಎಂಬ ಪ್ರಶ್ನೆ ಜಿಮ್‌ಗಳಿಗಿಂತ ಬಹಳ ಹಳೆಯದು. ಇಂತಿಷ್ಟು ಎಂದು ಸಂಬಳ ಗೊತ್ತುಮಾಡಿಕೊಂಡು ಪಾಠ ಹೇಳುವವನನ್ನೂ ಅಂಥವನಲ್ಲಿ ಕಲಿತವನನ್ನೂ ಮನುಸ್ಮೃತಿ ಶ್ರಾದ್ಧದ ಪಂಕ್ತಿಯಿಂದ ಹೊರಗಿಡುತ್ತದೆ. ಓದು ಮುಗಿಸಿ ಹೊರಡುವ ಶಿಷ್ಯ ಕೈಲಾದದ್ದನ್ನು ದಕ್ಷಿಣೆಯಾಗಿ ಕೊಟ್ಟರೆ ಅದಕ್ಕೆ ಆಕ್ಷೇಪವಿಲ್ಲ. ತಕರಾರೆಲ್ಲ ಮೊದಲೇ ಆಡುವ ಕರಾರಿನ ಮೇಲೆ.

ಈ ಕಟ್ಟಳೆಯನ್ನು ಮೈಯ ವಿದ್ಯೆಗೂ ಹಚ್ಚಬೇಕೇ? ಒಳ್ಳೆಯ ಉತ್ತರವೊಂದು ಪ್ಲೇಟೋನ ‘ಗೋರ್ಗಿಯಾಸ್’ ಸಂವಾದದಲ್ಲಿದೆ. ಅಥೆನ್ಸಿನಲ್ಲಿ ಹುಡುಗರಿಗೆ ಅಂಗಸಾಧನೆ ಮಾಡಿಸುವ ಶಿಕ್ಷಕರಿದ್ದರು. ಅವರನ್ನೇ ಎತ್ತಿಕೊಂಡು ಸಾಕ್ರಟೀಸ್ ವಾದಿಸುತ್ತಾನೆ: ಓಟ ಕಲಿಸುವವನು ಸಂಬಳವನ್ನು ಮೊದಲೇ ಮಾತಾಡಿಕೊಳ್ಳುವುದು ಸರಿಯೇ. ಅವನು ಶಿಷ್ಯನಿಗೆ ಕೊಡುವುದು ವೇಗವನ್ನು; ವೇಗ ಬಂದವನಿಗೆ ಪ್ರಾಮಾಣಿಕತೆಯೂ ಬಂದಿರಬೇಕೆಂದಿಲ್ಲ, ಹಣ ಕೊಡದೆ ಕಾಲ್ತೆಗೆಯಲೂಬಹುದು. ನ್ಯಾಯ ಕಲಿಸುತ್ತೇನೆ ಎನ್ನುವವನಿಗೆ ಮಾತ್ರ ಕರಾರು ಬೇಕಿಲ್ಲ. ಪಾಠ ನಿಜಕ್ಕೂ ಹತ್ತಿದ್ದರೆ ಶಿಷ್ಯ ಮೋಸ ಮಾಡಲಾರ. ಈ ಲೆಕ್ಕದಲ್ಲಿ, ಫೀಸು ಇಷ್ಟು ಎಂದು ಮುಖಕ್ಕೆ ಹೇಳುವ ಟ್ರೇನರ್‌ನಲ್ಲಿ ಕೀಳೇನೂ ಇಲ್ಲ. ತನ್ನ ಕೆಲಸ ಮೈಯ ಮಟ್ಟಿಗೆ ಎಂದು ಅವನು ಒಪ್ಪಿಕೊಂಡಂತಾಯಿತು. ಅನುಮಾನ ಪಡಬೇಕಾದದ್ದು ಮೂರು ತಿಂಗಳ ಪ್ಯಾಕೇಜಿನಲ್ಲಿ ಬದುಕನ್ನೇ ಬದಲಿಸಿಕೊಡುತ್ತೇನೆ ಎನ್ನುವವನನ್ನು.

ಪುಸ್ತಕ, ವಿಡಿಯೊ ಇರುವಾಗ ಆಳು ಏಕೆ ಬೇಕು ಎಂಬುದಕ್ಕೆ ಅರಿಸ್ಟಾಟಲ್ ‘ನಿಕೊಮೇಕಿಯನ್ ಎಥಿಕ್ಸ್’ನಲ್ಲಿ ಸಮಾಧಾನ ಹೇಳಿದ್ದಾನೆ. ಊಟದಲ್ಲಿ ಹತ್ತು ಅಳತೆ ಹೆಚ್ಚಾಯಿತು, ಎರಡು ಕಡಿಮೆಯಾಯಿತು ಎಂದಮಾತ್ರಕ್ಕೆ ಶಿಕ್ಷಕ ಎಲ್ಲರಿಗೂ ಆರು ಬಡಿಸುವುದಿಲ್ಲ. ಅದು ಕುಸ್ತಿಪಟು ಮೈಲೋಗೆ ಸಾಲದು, ಹೊಸಬನಿಗೆ ಮಿಕ್ಕಿತು. ಎದುರಿಗಿರುವ ಈ ಒಬ್ಬನಿಗೆ ಎಷ್ಟು ಎಂದು ಅಳೆಯುವ ಕಣ್ಣಿಗೇ ಸಂಬಳ.

ಆ ಕಣ್ಣು ಯಾರಿಗಿದೆಯೆಂದು ತಿಳಿಯುವ ಬಗೆ ಕಾಳಿದಾಸನಿಗೆ ಗೊತ್ತಿತ್ತು. ‘ಮಾಲವಿಕಾಗ್ನಿಮಿತ್ರ’ದಲ್ಲಿ ಅರಮನೆಯ ಸಂಬಳದ ಇಬ್ಬರು ನಾಟ್ಯಾಚಾರ್ಯರು, ಗಣದಾಸ ಮತ್ತು ಹರದತ್ತ, ತಾನು ಮೇಲು ತಾನು ಮೇಲು ಎಂದು ಜಗಳಕ್ಕೆ ಬೀಳುತ್ತಾರೆ. ಇವರಿಗೆ ಸುಮ್ಮನೆ ಸಂಬಳ ಕೊಡುವುದೇಕೆ, ಟಗರು ಕಾಳಗವನ್ನಾದರೂ ನೋಡೋಣ ಎಂದು ವಿದೂಷಕ ಕಿಚಾಯಿಸುತ್ತಾನೆ. ತೀರ್ಪು ಕೊಡಬೇಕಾದ ಪರಿವ್ರಾಜಿಕೆಯ ನಿಲುವು ಗಂಭೀರವಾದದ್ದು: ಕೆಲವರಲ್ಲಿ ವಿದ್ಯೆ ತಮ್ಮ ಮಟ್ಟಿಗೆ ಚೆನ್ನಾಗಿರುತ್ತದೆ, ಕೆಲವರಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸುವುದು ಒಲಿದಿರುತ್ತದೆ, ಎರಡೂ ಉಳ್ಳವನೇ ಶಿಕ್ಷಕರಲ್ಲಿ ಮೊದಲಿಗ. ಹಾಗಾಗಿ ಶಿಷ್ಯೆಯರ ಪ್ರಯೋಗ ನೋಡಿಯೇ ತೀರ್ಮಾನಿಸುವುದೆಂದಾಗುತ್ತದೆ. ಟ್ರೇನರ್ ಹುಡುಕುವವರು ಸಾಮಾನ್ಯವಾಗಿ ಇದಕ್ಕೆ ಉಲ್ಟಾ ನಡೆದು, ಅವನ ತೋಳು ನೋಡಿ ಮರುಳಾಗುತ್ತಾರೆ. ಅದಕ್ಕಿಂತ ಒಂದು ಬೆಳಿಗ್ಗೆ ಮೂಲೆಯಲ್ಲಿ ನಿಂತು, ಅವನ ಕೈಕೆಳಗೆ ಐವತ್ತು ದಾಟಿದವರು ಹೇಗೆ ಬಸ್ಕಿ ಹೊಡೆಯುತ್ತಾರೆಂದು ನೋಡುವುದು ಲೇಸು. ಹಿಮ್ಮಡಿ ನೆಲ ಬಿಟ್ಟಾಗ, ಮಂಡಿ ಒಳಕ್ಕೆ ವಾಲಿದಾಗ ಅವನು ತೂಕ ಇಳಿಸುತ್ತಾನೋ, ಮೊಬೈಲ್ ತೀಡುತ್ತಿರುತ್ತಾನೋ ಎಂಬುದರಲ್ಲೇ ಅರ್ಧ ಉತ್ತರವಿದೆ.

ಗೊತ್ತುಪಾಡಿಗೆ ಹೋದವನು ಕೂಲಿಯವನಾಗಿಯೇ ಉಳಿಯಬೇಕೆಂದೂ ಇಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋದದ್ದು ಆರು ತಿಂಗಳ ಮಟ್ಟಿಗೆ ಯೋಗ ಕಲಿಸಲು. ಅಲ್ಲೇ ನೆಲೆನಿಂತ ಅವರನ್ನು ಮುಂದೆ ಲೋಕವೇ ಗುರುವೆಂದಿತು. ಆ ಪಟ್ಟ ಕರಾರಿನಲ್ಲಿ ಬರೆದದ್ದಲ್ಲ.

ಹಣ ಕೆಡಿಸುವುದು ಬೇರೆ ಕಡೆ. ಅಂಗಸಾಧನೆ ಮಾಡುವವನು ಊರವರೆಲ್ಲರ ಹೊಗಳಿಕೆ ತೆಗಳಿಕೆಗೆ ಕಿವಿಗೊಡದೆ ಬಲ್ಲ ಒಬ್ಬನ ಮಾತನ್ನೇ ಕೇಳಬೇಕೆಂದು ‘ಕ್ರಿಟೋ’ದಲ್ಲಿ ಸಾಕ್ರಟೀಸ್ ಹೇಳುತ್ತಾನೆ. ಜಿಮ್ಮಿನಲ್ಲಾದರೆ ಆ ಒಬ್ಬನ ಅನ್ನ ಕೇಳುವವನ ಕೈಯಲ್ಲಿದೆ, ಶಿಷ್ಯನೇ ಧಣಿ. ಧಣಿ ಬೇಸರಗೊಂಡಾನೆಂಬ ಅಂಜಿಕೆಗೆ ‘ಇವತ್ತು ಬೇಡ, ಮನೆಗೆ ಹೋಗಿ’ ಎನ್ನಬೇಕಾದ ಬಾಯಿ ‘ಸೂಪರ್ ಸಾರ್’ ಎನ್ನುತ್ತದೆ. ಪ್ರೋಟೀನ್ ಪುಡಿಯ ಡಬ್ಬಕ್ಕೆ ಕಮಿಷನ್ನೂ ಇದ್ದರೆ ಸಲಹೆ ಯಾವುದು, ವ್ಯಾಪಾರ ಯಾವುದು ಎಂದು ಬಿಡಿಸುವುದೇ ಕಷ್ಟ. ಮನು ಅಂಜಿದ ಕರಾರೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಹಳೆಯ ಪೆಟ್ಟು, ಬಿಪಿ, ಸಕ್ಕರೆ ಕಾಯಿಲೆಯನ್ನು ಮೊದಲ ದಿನವೇ ಕೇಳಿ ಬರೆದುಕೊಳ್ಳಬೇಕು, ಪುಡಿ ಮಾರಬಾರದು, ಜ್ವರವಿದ್ದ ದಿನ ವಾಪಸು ಕಳಿಸಿದರೂ ಆ ದಿನದ ಹಣ ಕಡಿತವಾಗದು ಎಂದು ಮಾತಾಡಿಕೊಂಡರೆ, ಬೇಡ ಎನ್ನುವುದರಿಂದ ಟ್ರೇನರ್‌ಗೆ ನಷ್ಟವಿರುವುದಿಲ್ಲ.