ಇಂದಿನ ಧಮ್ಮ ಚಿಂತನೆ: ಬಾಬಾಸಾಹೇಬರ ಹೆಸರಿನ ನಿಲ್ದಾಣ

ಬೆಂಗಳೂರಿನ ನಮ್ಮ ಮೆಟ್ರೊ ನೇರಳೆ ಮಾರ್ಗದಲ್ಲಿ ನೆಲದಡಿಯ ಒಂದು ನಿಲ್ದಾಣವಿದೆ. 2016ರಲ್ಲಿ ಶುರುವಾಯಿತು. ಎಲ್ಲರೂ 'ವಿಧಾನಸೌಧ' ಎಂದಷ್ಟೇ ಕರೆದರೂ ಪೂರ್ತಿ ಹೆಸರು 'ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ'. ಮೇಲೆ ಹತ್ತಿ ಬಂದರೆ ಆಸುಪಾಸಿನಲ್ಲೇ ಕಾನೂನು ಮಾಡುವ ವಿಧಾನಸೌಧ, ನ್ಯಾಯ ಹೇಳುವ ಹೈಕೋರ್ಟಿನ ಕೆಂಪು ಕಟ್ಟಡ, ಅದರಾಚೆ ಕಬ್ಬನ್ ಪಾರ್ಕ್.

ನಮ್ಮ ಗುಡೂರು ಕಡೆಯಿಂದ ದುಡಿಯಲು ಹೋದವರೂ ಈ ರೈಲಿನಲ್ಲಿ ಓಡಾಡುತ್ತಾರೆ. ನಾನು ಹೋದಾಗ ನೋಡಿದ್ದೇನೆ, ಗಾರೆ ಕೆಲಸದವರ ಪಕ್ಕದಲ್ಲೇ ಕರಿಕೋಟಿನ ವಕೀಲರು ಕೂತಿರುತ್ತಾರೆ. ಟಿಕೆಟ್ ಇದ್ದರೆ ಗೇಟು ತೆರೆಯುತ್ತದೆ. "ನೀವು ಯಾವ ಪೈಕಿ?" ಎಂದು ಅದು ಕೇಳುವುದಿಲ್ಲ. ಆದರೆ ಅದೇ ಮನುಷ್ಯ ರೈಲು ಇಳಿದು ಬಾಡಿಗೆ ಮನೆ ಹುಡುಕಿದರೆ, ಆ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ.

ಯಾಕೆ ಹೀಗೆ? ಗೇಟು ನಿಯಮದಿಂದ ತೆರೆಯುತ್ತದೆ, ಬಾಗಿಲು ಮನಸ್ಸಿನಿಂದ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ಇದನ್ನೇ. ರಾಜಕೀಯದಲ್ಲಿ ಸಮಾನತೆ ಬಂದರೂ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ, ಬಂಧುತ್ವವಿಲ್ಲದೆ ಸ್ವಾತಂತ್ರ್ಯ ಸಮಾನತೆಗಳು ಸಹಜವಾಗಿ ಬೇರೂರುವುದಿಲ್ಲ ಎಂದರು. ಆ ಬಂಧುತ್ವವನ್ನು ಬುದ್ಧರ ಮೈತ್ರಿಯಲ್ಲಿ ಕಂಡು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದರು.

ಈಗ ನಮ್ಮ ಕಡೆ ತಿರುಗಿ ನೋಡೋಣ. ದೀಕ್ಷೆಯಾದ ಮೇಲೂ ಮದುವೆ ಮಾತು ಬಂದಾಗ "ಎಡಗೈಯವರೋ, ಬಲಗೈಯವರೋ?" ಎಂದು ನಮ್ಮವರೇ ಕೇಳುವುದುಂಟು. ಮನೆ ಮಾಲೀಕ ಕೇಳಿದಾಗ ನೋಯಿಸುವ ಪ್ರಶ್ನೆ ನಮ್ಮ ಬಾಯಲ್ಲಿ ಬಂದರೆ ಧಮ್ಮವಾಗುತ್ತದೆಯೇ? ಎಲ್ಲ ಮನುಷ್ಯರೂ ಸಮಾನರೆಂದು ನಂಬುವ, ಸಮಾನತೆಗಾಗಿ ಶ್ರಮಿಸುವ ಮಾತು ನಾವು ಸ್ವೀಕರಿಸಿದ 22 ಪ್ರತಿಜ್ಞೆಗಳಲ್ಲೇ ಇದೆ.

ನದಿಗಳು ಸಮುದ್ರ ಸೇರಿ ಹಳೆಯ ಹೆಸರು ಬಿಡುವಂತೆ ಸಂಘ ಸೇರಿದವರು ಹಳೆಯ ಕುಲದ ಹೆಸರು ಬಿಡುತ್ತಾರೆ ಎಂದು ಭಗವಾನ್ ಬುದ್ಧರು ತಿಳಿಸಿದರು. ದೂರ ಯಾಕೆ, ನಮ್ಮ ಕೂಡಲಸಂಗಮದಲ್ಲೇ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಂದ ಮುಂದೆ ಒಂದು ಬೊಗಸೆ ನೀರೆತ್ತಿ, ಇದು ಯಾವ ಹೊಳೆಯದೆಂದು ಯಾರು ಹೇಳಬಲ್ಲರು?

ನಿಲ್ದಾಣಕ್ಕೆ ಬಾಬಾಸಾಹೇಬರ ಹೆಸರನ್ನು ಸರ್ಕಾರ ಇಟ್ಟಿದೆ. ಮನೆಯಲ್ಲಿ, ಬೀಗತನದಲ್ಲಿ ಅವರ ವಿಚಾರವನ್ನು ನಾವೇ ತರಬೇಕು. ಇವತ್ತು ಯಾರಾದರೂ ಒಳಪಂಗಡ ಕೇಳಿದರೆ ಸಿಟ್ಟಾಗದೆ, ಮಕ್ಕಳಿಗೂ ಕೇಳಿಸುವಂತೆ ಹೇಳೋಣ: "ನಾವು ಬೌದ್ಧರು, ಅಷ್ಟು ಸಾಕು."

ಸರ್ವರಿಗೂ ಮಂಗಳವಾಗಲಿ.
ನಮೋ ಬುದ್ಧಾಯ, ಜೈ ಭೀಮ್.