ಉಣುಗು, ಎಣ್ಣೆ ಮತ್ತು ಕಾಡಿಗೆ ಹೋಗಲೇಬೇಕಾದವರು

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಗೆ ಮಂಗನ ಕಾಯಿಲೆಯ ಒಂದು ಭಿತ್ತಿಪತ್ರ ಅಂಟಿಕೊಳ್ಳುತ್ತದೆ. ಕಾಡಿಗೆ ಹೋಗಬೇಡಿ. ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಡಿ, ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದವರು ಬಿಸಿನೀರಿನ ಸ್ನಾನ ಮಾಡಿ, ಮಂಗ ಸತ್ತದ್ದು ಕಂಡರೆ ಕೂಡಲೇ ತಿಳಿಸಿ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೂ ಮೊದಲ ಮಾತು ನನ್ನನ್ನು ಸದಾ ಕಾಡಿದೆ. ಕೊಟ್ಟಿಗೆಗೆ ಹಾಸಲು ದರಗೆಲೆ, ಒಲೆಗೆ ಸೌದೆ, ದನಕ್ಕೆ ಸೊಪ್ಪು ಎಲ್ಲವೂ ಕಾಡಿನಿಂದಲೇ ಬರಬೇಕಾದ ಮನೆಗೆ ಈ ಮಾತು ಯಾವ ಅರ್ಥ ಕೊಡುತ್ತದೆ? ಅಲ್ಲಿಯವರಿಗೆ ಕಾಡೆಂದರೆ ರಜಾ ದಿನದ ವಿಹಾರವಲ್ಲ, ಹಿತ್ತಲಿನ ಬೇಲಿಯಾಚೆಯ ದುಡಿಮೆಯ ಜಾಗ.

ಮಂಗನ ಕಾಯಿಲೆಯ ಕತೆ ಮಲೆನಾಡಿಗರಿಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು, ಸುತ್ತಲಿನ ಊರುಗಳಲ್ಲಿ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಮೊದಲು ಬಂದ ಸಂಶಯ ಹಳದಿ ಜ್ವರದ್ದು. ಸಿಕ್ಕಿದ್ದು ಬೇರೆಯೇ ವೈರಸ್, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಹಾಗಿದ್ದರೆ ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳೇ ಇದನ್ನು ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದಿತು. ಅದನ್ನು ಪರೀಕ್ಷಿಸಲೆಂದೇ ಪಕ್ಷಿವಿಜ್ಞಾನಿ ಸಲೀಂ ಅಲಿ ಮತ್ತು ಅವರ ಸಂಗಡಿಗರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸತೊಡಗಿದರು. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ಹಕ್ಕಿಗಳ ವಲಸೆಯ ಬಗ್ಗೆ ನಮ್ಮ ತಿಳಿವಳಿಕೆ ಮಾತ್ರ ಬೆಳೆಯಿತು. ಒಂದು ಊಹೆಯನ್ನು ಕಟ್ಟಿ, ಹುಡುಕಿ, ಸರಿಯಾಗದಿದ್ದಾಗ ಕೈಬಿಡುವ ಈ ಪ್ರಾಮಾಣಿಕತೆಯೇ ವಿಜ್ಞಾನದಲ್ಲಿ ನಾನು ಮೆಚ್ಚುವ ಗುಣ. ಅದನ್ನು ಮುಂದೆ ಇನ್ನೊಂದು ಕಡೆ ಹುಡುಕಬೇಕಿದೆ.

ಮಂಗ ಇಲ್ಲಿ ಅಪರಾಧಿಯಲ್ಲ. ನಮ್ಮಂತೆಯೇ ಅದೂ ಉಣುಗಿನಿಂದ ಕಚ್ಚಿಸಿಕೊಂಡು ಸಾಯುತ್ತದೆ. ಸತ್ತ ಮಂಗನ ಮೈ ತಣ್ಣಗಾದಾಗ ಅದರ ರಕ್ತ ಹೀರುತ್ತಿದ್ದ ಉಣುಗುಗಳು ಕೆಳಗುದುರಿ ಬೇರೆ ಮೈಗೆ ಕಾಯುತ್ತವೆ. ಹಾಗಾಗಿಯೇ ಆ ಜಾಗದ ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಎರಚುತ್ತಾರೆ. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ಹರಡುವುದಿಲ್ಲ. ಇದು ಗೊತ್ತಿದ್ದರೂ ಕಾಯಿಲೆ ಬಂದವರ ಮನೆಗೆ ಕಾಲಿಡಲು ಹೆದರುವವರಿದ್ದಾರೆ. ವೈಚಾರಿಕತೆಯ ಮೊದಲ ಉಪಯೋಗ ಇಂಥ ಕಡೆಯೇ: ಯಾರಿಗೆ ಹೆದರಬಾರದು ಎಂದು ಅದು ಹೇಳಿಕೊಡುತ್ತದೆ.

ಯಾವುದಕ್ಕೆ ಹೆದರಬೇಕೋ ಅದು ಕಣ್ಣಿಗೆ ಬೀಳುವುದೇ ಕಷ್ಟ. ಮೊಟ್ಟೆಯೊಡೆದು ಬಂದ ಉಣುಗು ಮರಿ, ಆಮೇಲೆ ಎಳೆಯ ಉಣುಗು, ಕಡೆಗೆ ಬೆಳೆದ ಉಣುಗು. ಒಂದೊಂದು ಹಂತ ದಾಟಲೂ ಅದಕ್ಕೆ ಒಂದೊಂದು ಸಲ ರಕ್ತದೂಟ ಬೇಕು. ಮನುಷ್ಯನಿಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ನಡುವಿನ ಹಂತದ್ದು, ಎಳ್ಳುಕಾಳಿಗಿಂತ ಸಣ್ಣದು. ನವೆಂಬರ್‌ನಿಂದ ಮೇ ತಿಂಗಳವರೆಗೆ ಅದರ ಕಾಲ. ಅದಕ್ಕೆ ಹಾರಲು ಬಾರದು, ಜಿಗಿಯಲೂ ಬಾರದು. ಹುಲ್ಲಿನ ಅಥವಾ ಒಣಗಿದ ಎಲೆಯ ತುದಿಗೆ ಹತ್ತಿ, ಮುಂಗಾಲೆರಡನ್ನೂ ಗಾಳಿಗೆ ಚಾಚಿ ಕೂತಿರುತ್ತದೆ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಕಾವನ್ನೂ ಹಿಡಿಯುವ ಸೂಕ್ಷ್ಮ ಅಂಗ ಆ ಮುಂಗಾಲಲ್ಲೇ ಇದೆ. ಪಕ್ಕದಲ್ಲಿ ಹಾದ ಕಾಲಿಗೆ ಸದ್ದಿಲ್ಲದೆ ಹತ್ತುತ್ತದೆ. ಕಚ್ಚಿದ್ದೂ ತಿಳಿಯುವುದಿಲ್ಲ. ಇಂಬಳ ಕಂಡರೆ ಊರು ಕೇಳುವಂತೆ ಕೂಗುವ ಪೇಟೆಯ ಚಾರಣಿಗರು ಇದನ್ನು ಗಮನಿಸುವುದೇ ಇಲ್ಲ. ಇಂಬಳ ಒಂದಿಷ್ಟು ರಕ್ತ ಕುಡಿದು ಬಿದ್ದುಹೋಗುತ್ತದೆ, ಅಷ್ಟೇ.

ಇಷ್ಟು ತಿಳಿದರೆ ಭಿತ್ತಿಪತ್ರದ ಸೂಚನೆಗಳಿಗೆಲ್ಲ ಕಾರಣ ಸಿಗುತ್ತದೆ. ಉಣುಗು ಕೆಳಗಿನಿಂದ ಮೇಲಕ್ಕೆ ಹತ್ತುವುದರಿಂದ ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು. ತಿಳಿ ಬಣ್ಣದ ಬಟ್ಟೆಯ ಮೇಲೆ ಅದು ಎದ್ದು ಕಾಣುತ್ತದೆ. ದಾರಿಯ ನಡುವೆ ನಡೆಯಬೇಕು, ಎಲೆಹಾಸಿನ ಮೇಲೆ ಕೂರಬಾರದು. ಆರೋಗ್ಯ ಇಲಾಖೆ ಹಿಂದೆ ಉಣುಗನ್ನು ದೂರವಿಡುವ ಡಿಎಂಪಿ ಎಣ್ಣೆ ಹಂಚುತ್ತಿತ್ತು, ಈಚೆಗೆ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೀಪಾ ಎಣ್ಣೆ ಕೊಡುತ್ತಿದೆ. ಬೆವರಿದರೆ ಅದು ಇಳಿದುಹೋಗುತ್ತದೆ, ಮತ್ತೆ ಹಚ್ಚಬೇಕು. ಪರ್ಮೆಥ್ರಿನ್ ಕೀಟನಾಶಕ ಸಿಕ್ಕವರು ಅದನ್ನು ಬಟ್ಟೆಗಷ್ಟೇ ಹಾಕಬೇಕು, ಚರ್ಮಕ್ಕಲ್ಲ. ಮನೆಗೆ ಬಂದ ಕೂಡಲೇ ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಕಚ್ಚಿಕೊಂಡಿದ್ದರೆ ಸಣ್ಣ ಮೂತಿಯ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆದು, ಸೋಪಿನಲ್ಲಿ ತೊಳೆಯಬೇಕು. ಸುಣ್ಣ, ಸೀಮೆಎಣ್ಣೆ, ಬೀಡಿಯ ಕೆಂಡ ಬೇಡ. ಬೇಗ ಕಿತ್ತರೆ ಪಾರು ಎಂಬ ಧೈರ್ಯವೂ ಬೇಡ. ಈ ವೈರಸ್ಸಿನ ಯುರೋಪಿನ ನೆಂಟ ಕಚ್ಚಿದ ಕೆಲವೇ ನಿಮಿಷಗಳಲ್ಲಿ ಎಂಜಲಿನ ಜೊತೆ ದಾಟಿಕೊಳ್ಳುತ್ತದೆ. ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ. ಕಾಡಿಗೆ ಹೋಗಿ ಬಂದ ವಾರದಲ್ಲಿ ಹಠಾತ್ತನೆ ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಿ ಮಲಗಬಾರದು. ರಕ್ತಸ್ರಾವವಾಗಬಹುದಾದ ಕಾಯಿಲೆಯಿದು, ಆಸ್ಪಿರಿನ್, ಐಬುಪ್ರೊಫೆನ್ ಅದನ್ನು ಹೆಚ್ಚಿಸಬಹುದು.

ಇಷ್ಟನ್ನೂ ನಾನು ಒಮ್ಮೆ ಸಾಗರದ ಕಡೆಯ ಒಬ್ಬ ಹೆಂಗಸಿನ ಮುಂದೆ ಸವಿಸ್ತಾರವಾಗಿ ಒದರಿದೆ. ದರಗೆಲೆ ಗುಡಿಸಿ ತರಲು ಹೊರಟಿದ್ದವರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿ, ಬರಿಗಾಲಿಗೆ ಎಣ್ಣೆ ಸವರಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಉಳಿದ ಎಣ್ಣೆಯನ್ನು ಪೋಲಾಗಬಾರದೆಂದು ಹಿಂಗತ್ತಿಗೂ ಒರೆಸಿಕೊಂಡರು. ಬಂದ ಮೇಲೆ ಕಿವಿಯ ಹಿಂದೆ, ಕಂಕುಳು, ಸೊಂಟ, ಮೊಣಕಾಲ ಹಿಂಬದಿ, ಬೆನ್ನು ಎಲ್ಲ ನೋಡಿಕೊಳ್ಳಬೇಕು ಎಂದೆ. ಅವರು ನಕ್ಕು, "ಬೆನ್ನು ಯಾರಿಗೆ ತೋರ್ಸದು ಮಾರಾಯ್ರೆ? ಮಗ ಬೆಂಗ್ಳೂರಲ್ಲಿ, ಇವ್ರು ಹೋಗಿ ಎಷ್ಟೋ ವರ್ಷ ಆತು" ಎಂದರು.

ಆ ಪ್ರಶ್ನೆಗೆ ಯಾವ ಭಿತ್ತಿಪತ್ರದಲ್ಲೂ ಉತ್ತರವಿಲ್ಲ. ನಮ್ಮನ್ನು ನಾವೇ ಕಾಪಾಡಿಕೊಳ್ಳಬೇಕು ಎಂಬ ಮಾತಿನೊಳಗೆ ಇನ್ನೊಬ್ಬರ ಕಣ್ಣು, ಬಿಸಿನೀರಿಗೆ ಸೌದೆ, ಬದಲಿಗೆ ಇನ್ನೊಂದು ಜೊತೆ ಬಟ್ಟೆ, ಸ್ನಾನಕ್ಕೆ ಮರೆಯಿರುವ ಜಾಗ ಇವೆಲ್ಲ ಅಡಗಿವೆ. ತೋಟದ ಕೂಲಿಗೆ ಬಂದವರಿಗೆ ಸಂಜೆ ಈ ಪೈಕಿ ಎಷ್ಟು ಸಿಗುತ್ತವೆ? ಕೆಲಸಕ್ಕೆ ಕರೆದವರು ಮಧ್ಯಾಹ್ನದ ಊಟ ಕೊಡುತ್ತಾರೆ, ಒಂದು ಬಾಟಲಿ ಎಣ್ಣೆಯನ್ನೋ ಗಂಬೂಟನ್ನೋ ಕೊಡಬೇಕೆಂದು ಅವರಿಗೆ ಹೊಳೆಯುವುದಿಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ 2011–12ರಲ್ಲಿ ಕಾಯಿಲೆ ಬಂದವರನ್ನು ಅಧ್ಯಯನ ಮಾಡಿದವರಿಗೆ ಕಂಡದ್ದು, ಮನೆಯ ಪಕ್ಕ ದರಗೆಲೆ ರಾಶಿ ಇದ್ದವರಿಗೂ ದನ ನೋಡಿಕೊಳ್ಳುವವರಿಗೂ ಅಪಾಯ ಹೆಚ್ಚು ಎಂದು. ಅಂದರೆ ಕಾಡಿಗೆ ಹೋಗದಿದ್ದರೂ ಕಾಡು ಅಂಗಳಕ್ಕೆ ಬಂದಿರುತ್ತದೆ. ಎಚ್ಚರ ತಪ್ಪಿದ್ದು ಅವರದೇ ತಪ್ಪು ಎಂದು ಸಲೀಸಾಗಿ ಹೇಳುವವರು ಹಣೆಬರಹದ ಜಾಗದಲ್ಲಿ ಬೇಜವಾಬ್ದಾರಿಯನ್ನು ಕೂರಿಸಿದ್ದಾರೆ, ಅಷ್ಟೇ. ಎರಡರಲ್ಲೂ ಸತ್ತವರದೇ ತಪ್ಪು.

ಈಗ ಲಸಿಕೆಯ ವಿಷಯ. 1990ರಿಂದ ಮಲೆನಾಡಿನಲ್ಲಿ ಮಂಗನ ಕಾಯಿಲೆಗೆ ಲಸಿಕೆ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರು, ಮತ್ತೆ ವರ್ಷಕ್ಕೊಂದು. ಚುಚ್ಚಿಸಿಕೊಂಡ ತೋಳು ಬಲವಾಗಿ ನೋಯುತ್ತಿತ್ತು, ಕೂಲಿ ತಪ್ಪುತ್ತಿತ್ತು. ಎರಡನೆಯ ಡೋಸಿಗೆ ಬರುವವರು ಕಡಿಮೆಯಾದರು. ಚುಚ್ಚಿಸಿಕೊಂಡರೂ ಕಾಯಿಲೆ ಬಂತು ಎಂಬ ಮಾತು ಊರೂರಲ್ಲಿ ಹಬ್ಬಿತು. ಆಗ ನಮ್ಮಂಥವರು, ಅಂದರೆ ಸಭೆಗಳಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡುವವರು, ಅದನ್ನು ಹಳ್ಳಿಗರ ಅಜ್ಞಾನ ಎಂದೆವು. ಆದರೆ 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಎರಡು ಡೋಸಿನ ಪರಿಣಾಮ ಸುಮಾರು ಶೇ. 62, ಬೂಸ್ಟರೂ ಸೇರಿದರೆ ಸುಮಾರು ಶೇ. 83 ಎಂದು ಕಂಡಿತು. ಬರಬರುತ್ತಾ ಅದರ ಬಲ ಇನ್ನೂ ಕುಗ್ಗಿ, 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಹಳ್ಳಿಯವರ ಮಾತು ಪೂರ್ತಿ ಸರಿಯಿರಲಿಲ್ಲ, ಲಸಿಕೆಯಿಂದ ಬದುಕಿ ಉಳಿದವರು ಕಣ್ಣಿಗೆ ಕಾಣುವುದಿಲ್ಲವಲ್ಲ. ಆದರೆ ಅವರು ಕಂಡದ್ದನ್ನೇ ಹೇಳಿದ್ದರು. ಹಕ್ಕಿಗಳ ಊಹೆಯನ್ನು ಬಿಟ್ಟುಕೊಟ್ಟಷ್ಟೇ ಪ್ರಾಮಾಣಿಕವಾಗಿ ಈ ಲಸಿಕೆಯ ಮಿತಿಯನ್ನು ಮೊದಲೇ ಅವರಿಗೆ ಬಿಡಿಸಿ ಹೇಳಿದ್ದರೆ ನಂಬಿಕೆ ಅಷ್ಟು ಬೇಗ ಮುರಿಯುತ್ತಿರಲಿಲ್ಲ. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಅದು ಬಂದಾಗ ಅದರ ಎದುರು ನಿಲ್ಲುವುದು ಈ ಹಳೆಯ ನೆನಪೇ.

ಮೂಢನಂಬಿಕೆ ಇಲ್ಲವೆಂದಲ್ಲ. ಚೌಡಿಗೆ ಹರಕೆ ಹೊತ್ತು ಆಸ್ಪತ್ರೆಗೆ ಹೋಗುವುದನ್ನು ತಡಮಾಡಿದವರಿದ್ದಾರೆ. ಮಂಗನೆಂದರೆ ಹನುಮಂತ ಎಂದು ಸತ್ತ ಮಂಗಕ್ಕೆ ಅರಿಶಿನ ಕುಂಕುಮ ಹಾಕಿ, ಹೊತ್ತೊಯ್ದು ಸಂಸ್ಕಾರ ಮಾಡುವವರೂ ಇದ್ದಾರೆ. ನನಗೆ ಹನುಮಂತನಲ್ಲಿ ನಂಬಿಕೆಯಿಲ್ಲ. ಆದರೆ ಸತ್ತ ಪ್ರಾಣಿಯನ್ನು ಬೀದಿಯಲ್ಲಿ ಕೊಳೆಯಲು ಬಿಡಬಾರದೆಂಬ ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ದೂರದಿಂದಲೇ ಕೈಮುಗಿಯಿರಿ, ಮುಟ್ಟಬೇಡಿ ಎಂದರೆ ಸಾಕು. 2012ರಲ್ಲಿ ಬಂಡೀಪುರದಲ್ಲಿ ಕಾಯಿಲೆ ಬಿದ್ದವರು ಭಕ್ತರಲ್ಲ, ಸತ್ತ ಮಂಗಗಳನ್ನು ಸುಡುವ ಸರ್ಕಾರಿ ಕೆಲಸಕ್ಕೆ ಹೋದ ಅರಣ್ಯ ಸಿಬ್ಬಂದಿ. ಉಣುಗಿಗೆ ಆಸ್ತಿಕ, ನಾಸ್ತಿಕ ಎಂಬ ಭೇದವಿಲ್ಲ.

ಸಂವಿಧಾನದ 51ಎ ವಿಧಿ ಪ್ರಜೆಯ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವದ ಪಕ್ಕದಲ್ಲೇ ಮಾನವೀಯತೆಯನ್ನೂ ಇಟ್ಟಿದೆ. ನಾವು ಭಾಷಣದಲ್ಲಿ ಮೊದಲನೆಯದನ್ನು ಹೇಳಿ ಎರಡನೆಯದಕ್ಕೆ ಬರುವಷ್ಟರಲ್ಲಿ ಚಪ್ಪಾಳೆ ಬಿದ್ದಿರುತ್ತದೆ.

ಈ ಎರಡನೆಯದು ಎಲ್ಲಿ ಬೇಕಾಗುತ್ತದೆ ಎಂದರೆ, ಸತ್ತ ಮಂಗನ ಸುದ್ದಿ ತಿಳಿಸುವ ಕಡೆ. ಸುದ್ದಿ ಬೇಗ ಮುಟ್ಟಿದಷ್ಟೂ ಬೇಗ ಪುಡಿ ಎರಚಬಹುದು, ಜನರನ್ನು ಎಚ್ಚರಿಸಬಹುದು. ಆದರೆ ತಿಳಿಸಿದ ಮರುದಿನವೇ ಆ ಕಾಡಿಗೆ ಹೋಗಬೇಡಿ ಎಂಬ ಆದೇಶ ಬರುತ್ತದೆ, ತಿಳಿಸಿದವರ ಕೊಟ್ಟಿಗೆಗೆ ಸೊಪ್ಪಿಲ್ಲ, ಒಲೆಗೆ ಸೌದೆಯಿಲ್ಲ. ಹೀಗಿರುವಾಗ ಕಂಡೂ ಕಾಣದಂತೆ ಹೋಗುವವರನ್ನು ನಾನು ಬೈಯಲಾರೆ. ಕಾಡು ಮುಚ್ಚಿದ ಅಷ್ಟು ದಿನ ಆ ಊರಿನ ದನಗಳಿಗೆ ಮೇವು, ಮನೆಗೆ ಅಡುಗೆ ಅನಿಲ, ಕೂಲಿಯವರಿಗೆ ದಿನಗೂಲಿ ಯಾರು ಕೊಡಬೇಕು ಎಂಬುದು ಭಿತ್ತಿಪತ್ರದ ಕೆಳಗೆ ಅಚ್ಚಾಗಿರಬೇಕು, ಕೇಳಲು ಒಂದು ಫೋನ್ ನಂಬರಿನ ಸಮೇತ. ಎಣ್ಣೆಯ ಬಾಟಲಿಯೂ ನವೆಂಬರ್‌ಗೆ ಮೊದಲೇ ಮನೆ ಮುಟ್ಟಬೇಕು. ಒಂಟಿಯಾಗಿರುವ ಹೆಂಗಸರ ಬೆನ್ನು ನೋಡುವ ಕೆಲಸವನ್ನು ಆಶಾ ಕಾರ್ಯಕರ್ತೆಯರ ತಲೆಗೇ ಕಟ್ಟುವುದಾದರೆ, ಅದಕ್ಕೂ ಸಂಬಳ ಲೆಕ್ಕ ಹಾಕಿಯೇ ಕಟ್ಟಬೇಕು.